ಕುರ್ಚಿ ಬೇಡವೆಂದ ಕಾಶೀಬಾಯಿ

ಕಾಶೀಬಾಯಿಯ ಬೈಗುಳ ತುಂಡು ತುಂಡಾಗಿ ಬರುತ್ತಿತ್ತು. ಎರಡು ಮಾತು, ಸೊಂಟದ ಮೇಲೆ ಕೈಯಿಟ್ಟು ಒಂದು ದೊಡ್ಡ ಉಸಿರು, ಮತ್ತೆರಡು ಮಾತು. ಮುಗಿಯಿತೆಂದು ಎದುರಿನವರು ಹೊರಟರೆ ಅಂಗೈ ಎತ್ತಿ ತಡೆಯುತ್ತಿದ್ದರು. ಉಳಿದದ್ದನ್ನು ಕೇಳಿಯೇ ಹೋಗಬೇಕು.

ನಾನಾಗ ಮಹಾರಾಷ್ಟ್ರದ ಸಂಭಾಜಿನಗರದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಬಹುಕಾಲದ ಶ್ವಾಸಕೋಶದ ಕಾಯಿಲೆಯವರಿಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಬೆಳೆದದ್ದು ನಾಶಿಕದ ಹತ್ತಿರದ ಓಝರ್‌ನಲ್ಲಿ. ಅಪ್ಪ ಅಲ್ಲಿನ ವಿಮಾನ ಕಾರ್ಖಾನೆಯಲ್ಲಿದ್ದರು. ಮನೆಯ ಹೊರಗೆ ಕನ್ನಡ ಕೇಳದೆ ಬೆಳೆದ ನನಗೆ ಕಾಶೀಬಾಯಿಯ ವಿಜಯಪುರದ ಇಂಡಿ ಕಡೆಯ ಬೈಗುಳವೂ ಹಿತವಾಗಿತ್ತು.

ಮೊದಲ ದಿನ ಅವರನ್ನು ಮಗ ಮಲ್ಲಪ್ಪ ಎತ್ತಿಕೊಂಡೇ ಬಂದಿದ್ದ. ವಾಳೂಜ್‌ನಲ್ಲಿ ಕಟ್ಟಡದ ಕೂಲಿಗಳಿಗೆ ಅವರು ವರ್ಷಗಟ್ಟಲೆ ಅಡುಗೆ ಮಾಡಿ ಬಡಿಸಿದ್ದರು, ಕಿಟಕಿಯಿಲ್ಲದ ತಗಡಿನ ಶೆಡ್ಡಿನಲ್ಲಿ, ಸೌದೆ ಒಲೆಯ ಮುಂದೆ. ಬೀಡಿ ಮುಟ್ಟಿದವರಲ್ಲ. ಆದರೂ ಹೋದ ಆಸ್ಪತ್ರೆಯಲ್ಲೆಲ್ಲ ಮೊದಲ ಪ್ರಶ್ನೆ ಬೀಡಿಯದೇ. “ಹೊಗಿ ಕುಡದೀನಿ. ಆದ್ರ… ಅವರ ಒಲೀದು,” ಎನ್ನುತ್ತಿದ್ದರು.

ಯಾರೋ ಡಾಕ್ಟರು ಮಲಗಿಸಿ ಅಂದರೆಂದು ಮನೆಯವರು ಅವರನ್ನು ಮಂಚದಿಂದ ಇಳಿಯಲು ಬಿಟ್ಟಿರಲಿಲ್ಲ. ಕಾಲಿನ ಮಾಂಸವೆಲ್ಲ ಕರಗಿಹೋಗಿತ್ತು. ಉಸಿರು ಕಟ್ಟೀತೆಂದು ಹೆದರಿ ನಡೆಯದಿದ್ದರೆ ಕಾಲು ಸೋಲುತ್ತದೆ. ಕಾಲು ಸೋತಷ್ಟೂ ನಾಲ್ಕು ಹೆಜ್ಜೆಗೇ ಏದುಸಿರು. ಇಷ್ಟನ್ನು ಹೇಳಲು ಒಬ್ಬರಿಗೂ ಪುರಸೊತ್ತಾಗಿರಲಿಲ್ಲ. ಶ್ವಾಸನಾಳದೊಳಗೆ ಬಾವು ಇದೆ ಎಂದೂ ನಾನೇ ಬಿಡಿಸಿ ಹೇಳಬೇಕಾಯಿತು.

“ಆ ಬಾವು ಈ ಕಸರತ್ತಿನಿಂದ ಇಳೀತೈತೇನವಾ?”

“ಅದು ಖಾತ್ರಿ ಹೇಳಾಕ ಬರಂಗಿಲ್ರಿ. ಅದಕ್ಕ ಡಾಕ್ಟರು ಕೊಟ್ಟ ಔಷಧದ ಪಂಪು ತಗೋರಿ. ಕಾಲಿಗೆ ಬಲ ಬರೂದಂತೂ ಖರೇ.”

“ಹಂಗಾರ ಖರೇ ಇದ್ದದ್ದು… ಮೊದಲ ಕೊಡು.”

ಗೋಡೆ ಹಿಡಿದು ನಿಂತರು. ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುತ್ತ ನಡೆದರು. ನನ್ನನ್ನು, ಮಗನನ್ನು, ಕೋಣೆಯ ಫ್ಯಾನನ್ನು ಬೈದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬರೇ ರಿಕ್ಷಾ ಇಳಿದು, ಮೆಟ್ಟಿಲು ಹತ್ತಿ ಬರತೊಡಗಿದ್ದರು.

ಆಗಲೇ ಆಡಳಿತದವರು ವ್ಯಾಯಾಮದ ಕೋಣೆ ಮುಚ್ಚಿದರು. ದುಡ್ಡು ಕೊಟ್ಟು ತಪಾಸಣೆಗೆ ಬರುವವರು ಕೂರಲೆಂದು ಅಲ್ಲಿ ಸೋಫಾಗಳು ಬಂದವು. ಕಾಶೀಬಾಯಿ ನೇರ ವ್ಯವಸ್ಥಾಪಕರ ಕೋಣೆಗೆ ನುಗ್ಗಿದರು, ಹಿಂದೆಯೇ ನಾನು. ವ್ಯವಸ್ಥಾಪಕರು ಕುರ್ಚಿ ತೋರಿಸಿ “ಬಸಾ ಆಜೀ” ಎಂದರು.

“ಕುಂದ್ರಂಗಿಲ್ಲ. ಕುಂದರಿಸಿ ಕುಂದರಿಸೇ… ನನ್ನ ಕಾಲು ತಿಂದ್ರಿ. ಈಗ ನಡಿಯಾಕ ಕಲತರ… ಜಾಗಾ ಕಸ್ಕೊಂಡ್ರಿ.”

ಅದನ್ನು ಮರಾಠಿಯಲ್ಲಿ ಹೇಳಿದೆ, ಒಂದು ಮಾತನ್ನೂ ಮೆತ್ತಗೆ ಮಾಡದೆ. ವ್ಯಾಯಾಮ ಮನೆಯಲ್ಲೇ ಮಾಡಿಕೊಳ್ಳಲಿ ಎಂದು ಅವರು ಫೋನ್ ಎತ್ತಿಕೊಂಡರು.

ಯಾವ ಮನೆ? ಕೈ ಚಾಚಿದರೆ ಗೋಡೆ ತಾಗುವ ಆ ಖೋಲಿಯೇ? ಪಕ್ಕದ ಶೆಡ್ಡಿನಲ್ಲಿ ಅದೇ ಒಲೆ ಹೊಗೆಯಾಡುತ್ತಿತ್ತು, ಅದರ ಮುಂದೆ ಈಗ ಸೊಸೆ ರೇಣುಕಾ. ಗ್ಯಾಸು ಕೊಡಿಸಿ ಎಂದು ಮಲ್ಲಪ್ಪ ಬೇಡಿದಾಗಲೆಲ್ಲ ಕಟ್ಟಡದ ಗುತ್ತಿಗೆದಾರ ನೋಡೋಣ ಎನ್ನುತ್ತಿದ್ದ.

ಚಳಿಗಾಲದಲ್ಲಿ ಸೋಂಕು ತಗಲಿ ಕಾಶೀಬಾಯಿ ಮತ್ತೆ ಮಂಚ ಹಿಡಿದರು. ನಾನು ನೋಡಲು ಹೋದ ದಿನ ಶೆಡ್ಡಿನಿಂದ ರೇಣುಕಾ ಕೆಮ್ಮುವುದು ಕೇಳಿಸಿತು. ಕೆಮ್ಮು ನಿಲ್ಲಲೇ ಇಲ್ಲ.

“ನನ್ನ ಎಬ್ಬಸು,” ಎಂದರು ಕಾಶೀಬಾಯಿ.

“ಬ್ಯಾಡ್ರಿ ಅವ್ವಾ, ದಮ್ಮು ಹತ್ತತೈತಿ.”

“ನೀನೂ… ಮಲಗ್ಸಿದವರಂಗ ಆದೇನು?”

ಎಬ್ಬಿಸಿದೆ. ನನ್ನ ಹೆಗಲು ಹಿಡಿದು, ನಿಂತು ನಿಂತು, ಶೆಡ್ಡಿನ ಬಾಗಿಲಿಗೆ ಬಂದರು. ರೇಣುಕಾಳನ್ನು ಕೈಸನ್ನೆಯಿಂದ ಹೊರಗೆ ಕರೆದರು. ನೀರಿನ ಕೊಡ ಎತ್ತುವ ಶಕ್ತಿ ಅವರಲ್ಲಿರಲಿಲ್ಲ. ನನಗೆ ಕೊಡ ತೋರಿಸಿದರು, ಆಮೇಲೆ ಒಲೆ ತೋರಿಸಿದರು. ಸುರಿದೆ. ಕೂಲಿಗಳ ಅನ್ನವೆಲ್ಲ ಅರೆಬೆಂದು ನಿಂತಿತು.

ಊಟವಿಲ್ಲದೆ ಅಂದು ಮಧ್ಯಾಹ್ನ ಯಾರೂ ಕೆಲಸಕ್ಕೆ ಏಳಲಿಲ್ಲ. ಮರುದಿನವೇ ಗುತ್ತಿಗೆದಾರ ಗ್ಯಾಸು ಒಲೆ ಕಳಿಸಿದ. ಅವ್ವ ಅದನ್ನು ಕಣ್ಣಾರೆ ನೋಡಿದಳೆಂದು ಮಲ್ಲಪ್ಪ ಫೋನಿನಲ್ಲಿ ಹೇಳಿದ. ಮುಂದಿನ ವಾರ ಅವನದೇ ಫೋನು: ಕಾಶೀಬಾಯಿ ಹೋಗಿಬಿಟ್ಟಿದ್ದರು.

ಒಬ್ಬ ಹೆಂಗಸಿನ ಉಸಿರು ನಿಲ್ಲುತ್ತ ಬಂದಾಗ ಬಾರದ ಗ್ಯಾಸು, ಅರ್ಧ ದಿನದ ಕೆಲಸ ನಿಂತಾಗ ಬಂತು. ಈಗ ನಾನು ವ್ಯಾಯಾಮದ ಕೋಣೆಯಿರುವ ಬೇರೆ ಆಸ್ಪತ್ರೆಯಲ್ಲಿದ್ದೇನೆ. ರೇಣುಕಾಳನ್ನು ಅಲ್ಲಿಗೆ ಕರೆಸಿಕೊಳ್ಳುತ್ತೇನೆ. ಅವಳ ಕೆಮ್ಮು ಇನ್ನೂ ಹೋಗಿಲ್ಲ.