ಅಮ್ಮನ ಮಂಟಪದ ಹಲಗೆ

ಅಕ್ಕ, ಆ ಹಲಗೆಯನ್ನು ಯಾವ ಸೈನಿಕನೂ ಕಿತ್ತುಕೊಳ್ಳಲಿಲ್ಲ. ನಾನೇ ಬಿಟ್ಟು ಬಂದೆ. ಕುವೈತಿನ ಫರ್ವಾನಿಯಾದ ನಮ್ಮ ಕೋಣೆಯಲ್ಲಿ, ನಿನ್ನ ಹೊಲಿಗೆ ಮೆಷಿನ್ನಿನ ಹಿಂದೆ ಗೋಡೆಗೆ ಒರಗಿಸಿದ್ದನ್ನು — ನೋಡಿಯೇ ಬಿಟ್ಟು ಬಂದೆ.

ಏಳನೇ ಕ್ಲಾಸು ಓದಿದವನ ಕಾಗದ ಇದು. ಚಂದ ಬರೆಯಲು ಬರುವುದಿಲ್ಲ. ಚಂದ ಮಾಡಿ ಬರೆಯುವ ವಿಷಯವೂ ಅಲ್ಲ.

ತೀರಿಹೋದವರಿಗೆ ಎಡೆಯಿಡುವ ಮಂಟಪವನ್ನು ಅಜ್ಜಿ ಕಟ್ಟಿದಳು, ಅಮ್ಮ ಕಟ್ಟಿದಳು, ಕುವೈತಿನಲ್ಲಿ ನೀನು ಕಟ್ಟಿದೆ. ಹಾಲಿನ ಪುಡಿಯ ಡಬ್ಬ ಕತ್ತರಿಸಿ ಹೂವು, ಹೊಲಿದು ಉಳಿದ ಜರಿಯಿಂದ ತೋರಣ. ಊರಿನ ಸಾವಿಗೆ ಹೋಗಲಾಗದವರು ದೂರದ ಮೀನಾ ಅಬ್ದುಲ್ಲಾದ ಕ್ಯಾಂಪುಗಳಿಂದಲೂ ಪಟ ಹಿಡಿದು ನಿನ್ನಲ್ಲಿಗೆ ಬರುತ್ತಿದ್ದರು. ಹಳೆಯ ಮಂಟಪದ ಒಂದು ತುಂಡು ಸೇರಿಸದೆ ಹೊಸದನ್ನು ಕಟ್ಟಬಾರದು — ಇದು ನಮ್ಮ ಮನೆಯ ಕಟ್ಟಳೆ. ಅಜ್ಜಿಯಿಂದ ಬಂದು ಉಳಿದಿದ್ದದ್ದು ಆ ಹಲಸಿನ ಹಲಗೆ ಒಂದೇ. ನನಗೆ ಗೊತ್ತಿತ್ತು.

ಇರಾಕಿನ ಸೈನ್ಯ ನುಗ್ಗಿದ ಮೇಲೆ, ನಮ್ಮವರನ್ನು ಊರಿಗೆ ಕಳಿಸಲು ಅಮ್ಮಾನ್ ಪಟ್ಟಣಕ್ಕೆ ಹೊರಟ ಬಸ್ಸುಗಳಲ್ಲಿ ಒಬ್ಬರಿಗೆ ಒಂದೇ ಚೀಲ. ಹೆಂಗಸರ ಬಸ್ಸು ಮೊದಲು. ನಿನ್ನ ಕೈಯಲ್ಲಿ ಪಕ್ಕದ ಮನೆಯ ಬಾಣಂತಿಯ ಮಗು.

"ಬಟ್ಟೆ ಬಿಟ್ರೂ ಅಡ್ಡಿಲ್ಲ ಮಾರಾಯ, ಹಲಗೆ ಒಂದು ತಾ," ಎಂದೆ ನೀನು.

"ಆಯ್ತು ಮಾರಾಯ್ತಿ, ನೀನು ಹತ್ತು," ಎಂದೆ ನಾನು.

ಚೀಲಕ್ಕೆ ಟೇಪ್ ರೆಕಾರ್ಡರ್ ತುರುಕಿದೆ. ಎರಡು ಸ್ಪೀಕರಿನದು. ಊರಿನವರಿಗೆ ತೋರಿಸಬೇಕಿತ್ತು — ಥೂ.

ಅಮ್ಮಾನಿನ ಡೇರೆಯಲ್ಲಿ ನೀನು ನನ್ನ ಕೈ ನೋಡಿದೆ. "ಚೆಕ್‌ಪೋಸ್ಟಿನಲ್ಲಿ ಮಿಲಿಟ್ರಿಯವ್ರು ಕಿತ್ಕೊಂಡ್ರು," ಎಂದು ನಾನಾಗಿಯೇ ಹೇಳಿದೆ.

"ನಿಂಗೆ ಹೊಡೆದ್ರಾ?"

ನೀನು ಅಷ್ಟೇ ಕೇಳಿದೆ. ಒಮ್ಮೆ ಚೀಲ ಬಿಚ್ಚಿ ನೋಡಬಾರದಿತ್ತೇ? ಹಾಗೆಂದು ನಿನ್ನ ಮೇಲೆಯೇ ವರ್ಷಗಟ್ಟಲೆ ಸಿಟ್ಟು ಇಟ್ಟುಕೊಂಡೆ. ಕಳ್ಳನಿಗೆ ಮನೆಯವರ ಮೇಲೆ ಸಿಟ್ಟು — ಎಂಥ ನಾಚಿಕೆಗೇಡು.

ಊರಿಗೆ ಬಂದ ಮೇಲೂ ನಿನ್ನನ್ನು ಹುಡುಕಿಕೊಂಡು ಬಂದರು. ಮಂಗಳೂರಿನಿಂದ ಪ್ರದರ್ಶನಕ್ಕೆ ಕರೆಯಲು ಬಂದವರನ್ನೂ, "ಹಳೇ ತುಂಡಿಲ್ಲ, ಕಟ್ಲಿಕ್ಕೆ ಆಗುದಿಲ್ಲ," ಎಂದು ನೀನು ಕೈಮುಗಿದು ಕಳುಹಿಸಿದೆ. ಮತ್ತೆ ಬ್ಲೌಸಿಗೆ ಗುಂಡಿ ಹಚ್ಚಲು ಕೂತೆ. ಅವರು ಸೈನಿಕರನ್ನು ಬೈದರು. ನಾನೂ ಬೈದೆ — ನೀನು ಕೊಟ್ಟ ಚಹಾ ಕುಡಿಯುತ್ತ.

ಅಮ್ಮ ತೀರಿಕೊಂಡಾಗ ಅವಳಿಗೂ ನೀನು ಮಂಟಪ ಕಟ್ಟಲಿಲ್ಲ. ಪಟವನ್ನು ಬರೀ ನೆಲದ ಮೇಲಿಟ್ಟು ಎಡೆ ಬಡಿಸಿದೆ.

ಕ್ಷಮಿಸು ಎನ್ನುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತೀ — ಅದು ಬೇಡ. ಭಾನುವಾರ ಬರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ, ಹಲಗೆ ಎಲ್ಲಿ ಎಂದು ಕೇಳು. ಆವತ್ತು ನೀನು ಅದನ್ನು ಕೇಳಲೇ ಇಲ್ಲ.