ಸ್ಪೇರ್ ಇಲ್ಲ ಅಂದಿದ್ದೆ

ಎರಡು ವರ್ಷದಿಂದ ಕಾಯುತ್ತಿದ್ದ ಫೋನ್ ಮೊನ್ನೆ ಶನಿವಾರ ಬಂತು.

"ಅಂಕಲ್, ನಾಳೆ ಫ್ರೀ ಇದೀರಾ? ಕಾರಿನ ವಿಷಯ ಸ್ವಲ್ಪ ಮಾತಾಡೋದಿತ್ತು. ಮನೆಗೇ ಬಂದ್ಬಿಡಿ. ಬಸಣ್ಣ ಅವರನ್ನೂ ಕರ್ಕೊಂಡು ಬನ್ನಿ."

ಫೋನ್ ಇಟ್ಟು ಶಾಪಿನಲ್ಲಿ ಒಬ್ಬನೇ ನಕ್ಕೆ. ಕೆಟ್ಟಿದೆ, ಅಂತೂ ಕೆಟ್ಟಿದೆ. ತಾನು ಮಾರಿದ ಕಾರು ಕೆಟ್ಟು ನಿಂತಿದೆ ಅಂತ ಇಷ್ಟು ಖುಷಿಪಟ್ಟವನು ಊರಲ್ಲಿ ನಾನೊಬ್ಬನೇ ಇರಬೇಕು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್. ಅದರ ಹಿಂಬದಿಯಲ್ಲಿ ಹದಿನಾರು ವರ್ಷ ಒಂದು ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇತ್ತು. ಎರಡೇ ಸೀಟು, ಬಟ್ಟೆಯ ಟಾಪು, ಕಡು ಹಸಿರು ಬಣ್ಣ, ಉದ್ದ ಮೂತಿ.

ಕಸ್ಟಮರ್ ಒಬ್ಬರ ಶೆಡ್ಡಿನಲ್ಲಿ ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆ ಇಡುತ್ತಿದ್ದವು. ನೋಡಿದೆ, ಹುಚ್ಚು ಹಿಡಿಯಿತು, ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆ.

ಅದಕ್ಕೆ ಪಾರ್ಟ್ ಎಲ್ಲಿ ಸಿಗಬೇಕು... ನಾವೇ ಮಾಡಿಕೊಂಡೆವು. ನಾವು ಅಂದರೆ ಮುಖ್ಯವಾಗಿ ಬಸಣ್ಣ. ಗದಗ ಕಡೆಯವನು, ಬಾಗಲಗುಂಟೆಯಲ್ಲಿ ಬಾಡಿಗೆ ಮನೆ, ಇಪ್ಪತ್ತು ವರ್ಷದಿಂದ ನನ್ನ ಲೇತ್ ಅವನ ಕೈಯಲ್ಲೇ ಇದೆ. ಸವೆದ ಪೀಸನ್ನು ನಾನು ಅಳೆದು ಡ್ರಾಯಿಂಗ್ ಹಾಕಿ ಕೊಟ್ಟರೆ ರಜೆಯ ದಿನ ಬಂದು ಮಾಡಿಕೊಡುತ್ತಿದ್ದ.

ನಮ್ಮಲ್ಲಿ ಯಾರೂ ಒಂದೇ ಪೀಸ್ ಮಾಡುವುದಿಲ್ಲ. ಮಷೀನ್ ಸೆಟ್ಟಿಂಗಿಗೇ ಅರ್ಧ ದಿನ ಹೋಗುತ್ತದೆ, ಇರಲಿ ಅಂತ ಜೊತೆಗೆ ಇನ್ನೊಂದನ್ನೂ ಮಾಡಿ ಇಟ್ಟುಬಿಡುತ್ತೇವೆ. ವಾಟರ್ ಪಂಪಿನ ಶಾಫ್ಟ್, ಸ್ಟೀರಿಂಗ್ ಬುಷ್ಷು, ಬಾಗಿಲ ಹಿಡಿಕೆ... ಹೀಗೆ ವರ್ಷ ಕಳೆದಂತೆ ಸ್ಪೇರ್‌ಗಳಿಂದಲೇ ಒಂದು ಟ್ರಂಕು ತುಂಬಿತು.

ಭಾನುವಾರ ಬೆಳಗ್ಗೆ ಟಾಪ್ ತೆಗೆದು ತುಮಕೂರು ರೋಡಿನಲ್ಲಿ ತಟ್ಟೆ ಇಡ್ಲಿಗೆ ಹೋಗುತ್ತಿದ್ದೆವು. ಬಸಣ್ಣ ಕಿವಿಗೆ ಟವೆಲ್ ಸುತ್ತಿಕೊಂಡು ಪಕ್ಕದ ಸೀಟಿನಲ್ಲಿ. ಇಂಜಿನ್ನಿನ ಬಿಸಿ ಕಾಲಿಗೆ, ಚಳಿಗಾಳಿ ಮುಖಕ್ಕೆ. ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ನನ್ನ ಹೆಂಡತಿ ಮಾತ್ರ ಒಂದೇ ಸಲ ಹತ್ತಿದ್ದು. "ಏನ್ರೀ ಇದು, ರೋಡ್ ಮೇಲೇ ಕೂತ್ಕೊಂಡು ಹೋದಂಗಿದೆ" ಅಂದಳು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಎರಡು ವರ್ಷದ ಹಿಂದೆ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮಷೀನ್ ತರಲೇಬೇಕಾಯಿತು. ಅದಕ್ಕೆ ಶಾಪಿನಲ್ಲಿ ಉಳಿದಿದ್ದು ಕಾರು ನಿಂತಿದ್ದ ಜಾಗ ಒಂದೇ. ನಮ್ಮ ಮನೆ ಇರುವ ಗಲ್ಲಿಯಲ್ಲಿ ಸ್ಕೂಟರ್ ನಿಲ್ಲಿಸುವುದೇ ಕಷ್ಟ. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಅನಿರುದ್ಧ್ ಅಂತ ಒಬ್ಬರು ಕೇಳಿಕೊಂಡು ಬಂದರು. ಒಳ್ಳೆಯ ಮನುಷ್ಯ, ಕಾರನ್ನು ಮುಟ್ಟುವ ರೀತಿಯಲ್ಲೇ ಗೊತ್ತಾಯಿತು. ಕೊಟ್ಟುಬಿಟ್ಟೆ.

ಹೊರಡುವಾಗ ಅವರು ಕೇಳಿದರು, "ಸ್ಪೇರ್ ಏನಾದ್ರೂ ಇದೆಯಾ ಅಂಕಲ್?"

ಇಲ್ಲ ಅಂದೆ.

ಬಸಣ್ಣ ಪಕ್ಕದಲ್ಲೇ ನಿಂತಿದ್ದ. ಟ್ರಂಕು ಅವನ ಬೆನ್ನ ಹಿಂದೆಯೇ ಇತ್ತು. ಅವನು ತುಟಿ ಬಿಚ್ಚಲಿಲ್ಲ.

ಯಾಕೆ ಸುಳ್ಳು ಹೇಳಿದೆ? ನಾಚಿಕೆ ಬಿಟ್ಟು ಹೇಳುತ್ತೇನೆ. ಆ ಪಾರ್ಟುಗಳು ಪ್ರಪಂಚದಲ್ಲಿ ನನ್ನ ಹತ್ತಿರ ಮಾತ್ರ ಇವೆ ಅಂತ ನನ್ನ ಲೆಕ್ಕಾಚಾರ. ಯಾವತ್ತಾದರೂ ಏನಾದರೂ ಸವೆಯುತ್ತದೆ, ಅವರು ಫೋನ್ ಮಾಡುತ್ತಾರೆ, ಕಾರು ಪೀಣ್ಯಕ್ಕೆ ಬರುತ್ತದೆ. ಎರಡು ದಿನವಾದರೂ ನಮ್ಮ ಜೊತೆ ಇರುತ್ತದೆ.

ಏಪ್ರಿಲ್ ಬಂದರೆ ಈ ಬಿಸಿಲಿಗೆ ಪಂಪ್ ಹೋಗಬೇಕಲ್ಲ ಅಂದುಕೊಳ್ಳುತ್ತಿದ್ದೆ. ಮಳೆ ಬಂದರೆ ವೈಪರ್. ಎರಡು ವರ್ಷ ಫೋನೇ ಇಲ್ಲ. ಸಿಎನ್‌ಸಿ ಪಕ್ಕ ಹಾದುಹೋಗುವಾಗಲೆಲ್ಲ ಫೋನ್ ತೆಗೆದು ನೋಡುತ್ತಿದ್ದೆ.

ಅದಕ್ಕೇ ಈ ಭಾನುವಾರ ಟ್ರಂಕನ್ನು ವ್ಯಾನಿಗೆ ಹೇರಿಕೊಂಡು ಹೊರಟೆವು. ಬಸಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಊರಿನ ಈ ತುದಿಯಿಂದ ಆ ತುದಿಗೆ ಎರಡು ಗಂಟೆ. ವರ್ತೂರಿನ ಆಚೆ ಅವರ ಮನೆ.

ಗೇಟು ತೆಗೆದರೆ ಎದುರಿಗೇ ನಿಂತಿದೆ... ನನ್ನ ಕಾರು. ಏನೂ ಕೆಟ್ಟಿಲ್ಲ. ನಾನು ಒಂದು ದಿನವೂ ನೋಡದಷ್ಟು ಚೆನ್ನಾಗಿದೆ.

ಅನಿರುದ್ಧ್ ಒಳಗಿಂದ ಒಂದು ರಟ್ಟಿನ ಬಾಕ್ಸ್ ತಂದರು. "ಇಂಗ್ಲೆಂಡಿಂದ ಎಲ್ಲಾ ಒರಿಜಿನಲ್ ಪಾರ್ಟ್ಸ್ ತರಿಸ್ದೆ ಅಂಕಲ್, ಆನ್‌ಲೈನಲ್ಲೇ ಸಿಗುತ್ತೆ. ಇವು ನೀವು ಮಾಡಿದ್ದು. ಬಿಸಾಕೋಕೆ ಮನಸ್ಸು ಬರ್ಲಿಲ್ಲ."

ಬಾಕ್ಸಿನಲ್ಲಿ ಬಸಣ್ಣನ ಹದಿನಾರು ವರ್ಷದ ಭಾನುವಾರಗಳು. ಒಂದೊಂದನ್ನೂ ಒರೆಸಿ, ಬೇರೆ ಬೇರೆ ಕವರಿಗೆ ಹಾಕಿ ಇಟ್ಟಿದ್ದಾರೆ. ಅಷ್ಟು ಮರ್ಯಾದೆಯಿಂದ ಕೊಟ್ಟರೆ ಮುನಿಸಿಕೊಳ್ಳುವುದಾದರೂ ಹೇಗೆ.

ಒಂದು ರೌಂಡ್ ಹೋಗಿ ಬನ್ನಿ ಅಂತ ಕೀ ಕೊಟ್ಟರು. ಕೂತೆ. ಚೋಕ್ ಎಳೆದು, ಪೆಡಲ್ ಎರಡು ಸಲ ಒತ್ತಿ, ಸ್ವಲ್ಪ ತಡೆದು ಸ್ಟಾರ್ಟ್ ಮಾಡುವುದು ನನಗೆ ರೂಢಿ. ಕೈ ಚೋಕಿಗೆ ಹೋಗುವಷ್ಟರಲ್ಲಿ ಅವರೇ ಬಗ್ಗಿ ಕೀ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ರಸ್ತೆಯ ತುದಿಯವರೆಗೆ ಹೋಗಿ ವಾಪಸ್ ಬಂದೆ. ಚೆನ್ನಾಗಿದೆ ಅಂದೆ. ಕಣ್ಣು ತುಂಬಿಬಂತು, ಹೊಗೆ ಅಂತ ಹೇಳೋಣ ಅಂದರೆ ಹೊಗೆಯೂ ಬರುತ್ತಿರಲಿಲ್ಲ. ವ್ಯಾನಿನಲ್ಲಿದ್ದ ಟ್ರಂಕಿನ ವಿಷಯ ಬಾಯಿ ಬಿಡಲಿಲ್ಲ.

ವಾಪಸ್ ಬರುವಾಗ ಹೆಬ್ಬಾಳದ ಹತ್ತಿರ ಟ್ರಾಫಿಕ್ ನಿಂತುಬಿಟ್ಟಿತು. ಬಸಣ್ಣ ಬಾಕ್ಸಿನಿಂದ ಪಂಪಿನ ಶಾಫ್ಟ್ ತೆಗೆದು, ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು ನೋಡುತ್ತಿದ್ದಾನೆ.

"ಇದು ಇನ್ನೂ ಹತ್ತ ವರ್ಷ ನಡೀತಿತ್ತರೀ ಸಾಹೇಬ್ರ."

ಅವನು ಅದನ್ನು ಮತ್ತೆ ಕವರಿಗೆ ಹಾಕಿ, ರಸ್ತೆ ನೋಡುತ್ತ ಹೇಳಿದ.

"ಅವತ್ತ ನೀವು ಸ್ಪೇರ್ ಇಲ್ಲ ಅಂದ್ರಲ್ರೀ... ನಾನೂ ಫೋನ್ ಕಾಯಾಕತ್ತಿದ್ನಿರೀ."

ಇನ್ನು ನಾವಿಬ್ಬರೂ ಯಾವ ಫೋನಿಗೆ ಕಾಯುವುದು, ನೀವೇ ಹೇಳಿ.