ಎಣ್ಣೆ ಹಿಡಿಯದ ಪಾತ್ರೆ

ಅಗಸೆ ಎಣ್ಣೆ ಬಿಸಿ ಕಬ್ಬಿಣದ ಮೇಲೆ ಸುಡುವಾಗ ಬರುವ ವಾಸನೆಯನ್ನು ಯಾರೂ ಸುವಾಸನೆ ಎನ್ನಲಾರರು. ಹೊಸ ಪೇಂಟಿನ ಘಾಟಿಗೆ ಕರಟಿದ ಕಡಲೆ ಬೆರೆತಂತಿರುತ್ತದೆ. ನನ್ನ ಅಪಾರ್ಟ್‌ಮೆಂಟಿನ ಅವನ್‌ನಿಂದ ಅದು ಎದ್ದ ಕೂಡಲೇ ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳುತ್ತದೆ, ನಾನು ಟವೆಲ್ ಬೀಸುತ್ತೇನೆ, ಪಕ್ಕದ ಮನೆಯವರು ಸದ್ದಾಗುವಂತೆ ಕಿಟಕಿ ಎಳೆದುಕೊಳ್ಳುತ್ತಾರೆ. ಎಳೆದುಕೊಳ್ಳಲಿ. ಆ ಹೊಗೆ ಮೂಗಿಗೆ ತಾಗಿದರೆ ಸಾಕು, ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಫಾಸ್ಟರ್ ಸಿಟಿಯಲ್ಲಿದ್ದ ನಮ್ಮ ಮನೆಯ ಗರಾಜು ಕಣ್ಣೆದುರು ಬಂದು ನಿಲ್ಲುತ್ತದೆ. ಅಲ್ಲಿ ಕಾರಿಗೆ ಜಾಗವಿರಲಿಲ್ಲ. ಕಾರು ಹೊರಗೆ ಮಂಜಿನಲ್ಲಿ ನೆನೆಯುತ್ತಿತ್ತು, ಒಳಗೆ ಅಪ್ಪನ ಕಬ್ಬಿಣದ ಪಾತ್ರೆಗಳು ಬೆಚ್ಚಗೆ ಕೂತಿರುತ್ತಿದ್ದವು.

ಕ್ಯಾಂಪ್ ಅವನ್ ಎಂದು ಅವುಗಳ ಹೆಸರು. ಹಿಂದೆ ಈ ಕಡೆ ಗುಡ್ಡಗಳಲ್ಲಿ ಬಿಡಾರ ಹೂಡುತ್ತಿದ್ದವರು, ದನ ಅಟ್ಟಿಕೊಂಡು ಹೋಗುತ್ತಿದ್ದವರು ಕೆಂಡದ ಮೇಲಿಟ್ಟು ಅಡುಗೆ ಮಾಡುತ್ತಿದ್ದ ಎರಕದ ಪಾತ್ರೆ. ಮೂರು ಗಿಡ್ಡ ಕಾಲು, ತಂತಿಯ ಹಿಡಿ, ಭಾರದ ಮುಚ್ಚಳ. ಮುಚ್ಚಳದ ಸುತ್ತ ಎದ್ದುನಿಂತ ಅಂಚು, ಮೇಲೆ ಹರಡಿದ ಕೆಂಡ ಜಾರಬಾರದೆಂದು. ವಾರವೆಲ್ಲ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಗಾಜಿನ ಕೊಳವೆಗಳ ನಡುವೆ ಇರುತ್ತಿದ್ದ ಅಪ್ಪ ಶನಿವಾರ ಬಂತೆಂದರೆ ಗರಾಜ್ ಸೇಲು, ಸಂತೆ, ಸತ್ತವರ ಮನೆಯ ಸಾಮಾನು ಮಾರುವ ಕಡೆ ಎಂದು ಅಲೆಯುತ್ತಿದ್ದ. ತುಕ್ಕು ಹಿಡಿದ ಒಂದು ಮುದ್ದೆಯನ್ನು ಹೊಸ ಕೂಸಿನಂತೆ ಎತ್ತಿಕೊಂಡು ಬರುತ್ತಿದ್ದ. ಅಮ್ಮ ಮೈಸೂರಿನವಳು, ಮಾತಿನಲ್ಲಿ ಯಾರಿಗೂ ಬಿಟ್ಟುಕೊಡುವವಳಲ್ಲ. ಗುಜರಿಯವನಿಗೆ ಕೊಡಬೇಕಾದ್ದನ್ನು ಗುಜರಿಯವನಿಂದ ತರುವ ಮನುಷ್ಯನನ್ನು ಇವರೊಬ್ಬರನ್ನೇ ನೋಡಿದ್ದು ಎನ್ನುತ್ತಿದ್ದಳು.

ಮುದ್ದೆ ಪಾತ್ರೆಯಾಗಲು ತಿಂಗಳುಗಳೇ ಹಿಡಿಯುತ್ತಿದ್ದವು. ಮೊದಲು ಕಾಸ್ಟಿಕ್ ಸೋಡಾ ಬೆರೆಸಿದ ನೀರಿನ ಡಬ್ಬದಲ್ಲಿ ಅದು ಮುಳುಗಿರಬೇಕು, ಆ ಡಬ್ಬದ ಹತ್ತಿರ ನಾನು ಸುಳಿಯಕೂಡದು. ಯಾರ್ಯಾರದೋ ಕಾಲದ ಜಿಡ್ಡು ಕರಗಿ ಕಪ್ಪು ರಾಡಿಯಾದ ಮೇಲೆ ತುಕ್ಕಿಗೆ ವಿನೆಗರ್ ಸ್ನಾನ, ಆಮೇಲೆ ತಂತಿಯ ಬ್ರಷ್ಷಿನಿಂದ ಉಜ್ಜುವ ಕೆಲಸ. ಎಲ್ಲ ಹೋದ ಮೇಲೆ ಬೂದುಬಣ್ಣದ ಬರಿಮೈ ಕಬ್ಬಿಣ ಕಾಣುತ್ತಿತ್ತು. ಅದಕ್ಕೆ ಅಗಸೆ ಎಣ್ಣೆ ಸವರಿ, ಸವರಿದ್ದೇ ಸುಳ್ಳು ಎನ್ನುವ ಹಾಗೆ ಒರೆಸಿ, ಅವನ್‌ನಲ್ಲಿ ಬೋರಲು ಹಾಕಿ ಸುಡಬೇಕು. ಮತ್ತೆ ಎಣ್ಣೆ, ಮತ್ತೆ ಬೆಂಕಿ. ದೋಸೆ ಕಾವಲಿ ಪಳಗಿಸುವ ಹಾಗೆಯೇ ಎಂದು ಅಪ್ಪ ಹೇಳುತ್ತಿದ್ದ. ಪಳಗಿದ ಪಾತ್ರೆಯನ್ನು ಬೆಳಕಿಗೆ ಹಿಡಿದರೆ ನನ್ನ ಮುಖ ಅದರಲ್ಲಿ ಮಸುಕಾಗಿ ಕಾಣುತ್ತಿತ್ತು.

ಎಲ್ಲಕ್ಕಿಂತ ಅಪ್ಪನಿಗೆ ಪ್ರಿಯವಾದದ್ದು ಹೆಸರು, ಗುರುತು ಯಾವುದೂ ಇಲ್ಲದ ಒಂದು ಪಾತ್ರೆ. ಅದರ ತಳದ ನಡುವೆ ಉದ್ದಕ್ಕೆ ಒಂದು ಗೀರು ಉಬ್ಬಿಕೊಂಡಿತ್ತು. ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿದ ಜಾಗ ಅದು, ತೀರ ಹಳೆಯ ಪಾತ್ರೆಗಳಲ್ಲಿ ಮಾತ್ರ ಹಾಗಿರುತ್ತದಂತೆ. ನಾನು ಅದನ್ನು ಹೊಕ್ಕುಳು ಎನ್ನುತ್ತಿದ್ದೆ. ಭಾನುವಾರ ಹಿತ್ತಿಲಿನಲ್ಲಿ, ಲಗೂನು ಎಂಬ ಹಿನ್ನೀರಿನ ಪಕ್ಕ, ಮೇಲೆ ಕೆಂಡ ಕೆಳಗೆ ಕೆಂಡ ಇಟ್ಟು ಅಪ್ಪ ಅದರಲ್ಲಿ ಬ್ರೆಡ್ ಬೇಯಿಸುತ್ತಿದ್ದ. ಮುಚ್ಚಳ ಎತ್ತಿದಾಗ ಏಳುತ್ತಿದ್ದ ಆವಿಯನ್ನೂ, ಬಾತುಕೋಳಿಗಳು ದಡಕ್ಕೆ ಬಂದು ಕತ್ತು ಚಾಚುತ್ತಿದ್ದುದನ್ನೂ ನೆನೆದರೆ ಈಗಲೂ ಹಸಿವಾಗುತ್ತದೆ. ನಾವೆಲ್ಲ ತಿನ್ನುತ್ತಿದ್ದೆವು. ಅಜ್ಜಿಯೊಬ್ಬಳು ತಿನ್ನುತ್ತಿರಲಿಲ್ಲ.

ಅಜ್ಜಿ ಅಪ್ಪನ ತಾಯಿ. ಅಜ್ಜ ತೀರಿಕೊಂಡ ಮೇಲೆ ಪುತ್ತೂರಿನ ಬಾಡಿಗೆ ಮನೆ ಬಿಡಿಸಿ ಅಪ್ಪ ಅವಳನ್ನು ಕರೆತಂದಿದ್ದ. ಸೂಟ್‌ಕೇಸಿನಲ್ಲಿ ಸೀರೆಗಿಂತ ಹೆಚ್ಚು ಪಾತ್ರೆ ತುಂಬಿಕೊಂಡು ಬಂದವಳು, ತನ್ನ ಪಾತ್ರೆಯಲ್ಲಿ ತಾನೇ ಬೇಯಿಸಿದ್ದನ್ನು ಮಾತ್ರ ಉಣ್ಣುತ್ತಿದ್ದಳು. ಜಗಳವೇನಿಲ್ಲ, ಮುನಿಸೂ ಇಲ್ಲ. ನನಗೆ ಅಕ್ಷರ ಕಲಿಸಿದವಳು ಅವಳೇ, ಮಂಜು ಕಟ್ಟಿದ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಬರೆಸಿ. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕಿವಿ ಕೇಳಿಸದವಳಂತೆ ಕೂರುತ್ತಿದ್ದಳು. ಆದರೆ ಅಪ್ಪನ ಪಾತ್ರೆಯ ವಿಷಯದಲ್ಲಿ ಜಗ್ಗಲಿಲ್ಲ. ಮೊದಲ ಭಾನುವಾರವೇ ಮುಚ್ಚಳದ ಅಂಚನ್ನು ನೋಡಿ ಅವಳ ಮುಖ ಅರಳಿತ್ತು.

“ಇದು ನಮ್ಮ ಅಡ್ಯೆ ಮಾಡುವ ಪಾತ್ರೆಯ ಹಾಗೇ ಉಂಟಲ್ಲ ಮಾರಾಯ, ಮೇಲೆ ಕೆಂಡ ಹಾಕ್ಲಿಕ್ಕೆ ಕಟ್ಟೆ ಸಮೇತ,” ಎಂದು ಊರಿನ ತಿಂಡಿ ನೆನೆದಳು. ಮರುಕ್ಷಣವೇ ಕೈ ಹಿಂದೆಗೆದುಕೊಂಡಳು. “ಆದ್ರೆ ಇದ್ರಲ್ಲಿ ಯಾರು ಎಂತ ಬೇಯಿಸಿದ್ದಾರೋ.”

ಹಂದಿ, ದನ, ಕರಡಿ, ಏನು ಬೇಕಾದರೂ ಬೆಂದಿರಬಹುದಿತ್ತು. ಸೋಡಾ ನೀರಿಗೆ ಎಲ್ಲ ಹೋಗಿದೆ, ಒಂದು ಕಣವೂ ಉಳಿದಿಲ್ಲ ಎಂದು ಅಪ್ಪ ವಿಜ್ಞಾನ ಹೇಳಿದ. ಕಣದ ಮಾತು ಯಾರು ಆಡಿದರು ಎನ್ನುವಂತೆ ಅಜ್ಜಿ ನೋಡಿದಳು. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಪ್ರತಿ ಭಾನುವಾರ ಬ್ರೆಡ್ಡಿನ ಮೊದಲ ತುಂಡು ಕುಯ್ಯುವಾಗ ಅವನ ಕಣ್ಣು ಒಮ್ಮೆ ಅವಳತ್ತ ಹೋಗಿ ಬರುತ್ತಿತ್ತು. ತನ್ನ ತಾಯಿ ತನ್ನ ಕೈಯಿಂದ ಉಣ್ಣಲಿ ಎಂಬ ಆಸೆ ಅವನಿಗೆಷ್ಟಿತ್ತು ಎಂಬುದು ಮಕ್ಕಳಿಗೂ ಕಾಣುವಷ್ಟು ಬಯಲಾಗಿತ್ತು.

ಎರಡನೆಯ ವರ್ಷ ಅಜ್ಜಿ ಇಳಿಯುತ್ತಾ ಬಂದಳು. ಡಾಕ್ಟರರು ಹೆಸರಿಟ್ಟು ಹೇಳುವ ಕಾಯಿಲೆ ಯಾವುದೂ ಇರಲಿಲ್ಲ. ಗಂಜಿ ಬೇಡ, ಸಾರು ಸೇರುವುದಿಲ್ಲ, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಒಂದು ದಿನ ಕೆಂಡದಡ್ಯೆ ತಿನ್ನಬೇಕೆನಿಸಿದೆ ಎಂದಳು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಸೌತೆಕಾಯಿ ಸೇರಿಸಿ ರುಬ್ಬಿ, ಬಾಳೆಲೆ ಹಾಸಿದ ಪಾತ್ರೆಗೆ ಸುರಿದು, ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ತಿಂಡಿ. ಅಮ್ಮ ಅಡುಗೆಮನೆಯ ಅವನ್‌ನಲ್ಲಿ ಮಾಡಿಕೊಟ್ಟಳು. ಅಜ್ಜಿ ಒಂದು ಚೂರು ಬಾಯಿಗಿಟ್ಟು, ಕೆಂಡದ ವಾಸನೆಯೇ ಇಲ್ಲ ಎಂದು ತಟ್ಟೆ ಸರಿಸಿದಳು. ಅಪ್ಪ ಗರಾಜಿಗೆ ಹೋಗಿ ಹೊಕ್ಕುಳ ಪಾತ್ರೆಯನ್ನು ತಂದು ಅವಳ ಕಾಲ ಬಳಿ ಇಟ್ಟು ಹೋದ.

ಅಜ್ಜಿ ಎರಡು ದಿನ ಅದನ್ನೇ ನೋಡುತ್ತಾ ಕೂತಿದ್ದಳು. ಶನಿವಾರ ಮಧ್ಯಾಹ್ನ ಎದ್ದಳು. ಅವಳ ಕಡೆ ಮೈಲಿಗೆಯಾದ ಕಂಚಿಗೆ ಬೂದಿ, ತಾಮ್ರಕ್ಕೆ ಹುಳಿ, ಕಬ್ಬಿಣಕ್ಕೆ ಬೆಂಕಿ. ಕೆಂಪಗೆ ಕಾದು ಬಂದ ಕಬ್ಬಿಣಕ್ಕೆ ಹಿಂದಿನ ಜನ್ಮವಿಲ್ಲ. ಹಿತ್ತಿಲಿನ ಬೆಂಕಿಗುಂಡಿಗೆ ಇದ್ದಿಲಿನ ಚೀಲವನ್ನೇ ಸುರಿದು, ಮೇಲೆ ಸೌದೆ ಒಟ್ಟಿ, ನಡುವೆ ಪಾತ್ರೆಯನ್ನೂ ಮುಚ್ಚಳವನ್ನೂ ಇಟ್ಟಳು. ಮಧ್ಯಾಹ್ನವಾದರೆ ಅಲ್ಲಿ ಸಮುದ್ರದ ಕೊಲ್ಲಿಯಿಂದ ಜೋರು ಗಾಳಿ ಬೀಸುತ್ತದೆ, ತಿದಿಯೂ ಬೇಕಾಗಲಿಲ್ಲ. ನಾನು ಪಕ್ಕದಲ್ಲೇ ಕುಳಿತಿದ್ದೆ. ಕಪ್ಪು ಪಾತ್ರೆ ಮೊದಲು ಬೂದುಬಣ್ಣಕ್ಕೆ ತಿರುಗಿ, ಆಮೇಲೆ ದಾಸವಾಳದಂತೆ ಕೆಂಪಾಯಿತು. ಅಷ್ಟು ಚಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೊನೆಗೆ ಅಜ್ಜಿ ಮಂತ್ರ ಹೇಳಿಕೊಳ್ಳುತ್ತಾ ತಂಬಿಗೆಯ ನೀರನ್ನು ಅದರ ಮೇಲೆ ಎರೆಯಲು ಕೈ ಎತ್ತಿದಳು. ಆಗಲೇ ಗಾಜಿನ ಬಾಗಿಲು ಸರಿದು ಅಪ್ಪ ಬಂದ.

“ನೀರು ಬೇಡ ಅಮ್ಮ, ಒಡೀತದೆ. ಅದ್ರಷ್ಟಕ್ಕೇ ಆರ್ಲಿ.”

ಆರಿದಾಗ ಅದು ಬೇರೆಯೇ ಪಾತ್ರೆ. ಮೈಯೆಲ್ಲ ಇಟ್ಟಿಗೆಯಂಥ ಮಂಕು ಕೆಂಪು, ಮುಚ್ಚಳ ಒಂದು ಕಡೆ ಸೊಟ್ಟಗೆ. ಅಷ್ಟು ಉರಿ ತಿಂದ ಎರಕದ ಕಬ್ಬಿಣ ಒಳಗಿಂದಲೇ ಕೆಟ್ಟುಹೋಗುತ್ತದೆ, ಮುಂದೆ ಎಂದೂ ಎಣ್ಣೆ ಹಿಡಿಯುವುದಿಲ್ಲ. ಅಪ್ಪ ಅದನ್ನು ತಿರುಗಿಸಿ, ತಳದ ಗೀರಿನ ಮೇಲೆ ಬೆರಳಾಡಿಸಿದ. ಆಮೇಲೆ ಅಂಗಿಯ ತೋಳು ಮಡಚಿ ಕೆಂಡ ಸರಿಪಡಿಸಿದ. ಅಜ್ಜಿ ಎಲೆ ಹಾಸಿ ಹಿಟ್ಟು ಸುರಿದಳು. ಸೊಟ್ಟ ಮುಚ್ಚಳದ ಸಂದಿಯಿಂದ ಬೆಲ್ಲದ ಆವಿ ಸೋರಿ, ಹೊಗೆಯೊಡನೆ ಸೇರಿ ಲಗೂನಿನ ಮೇಲೆಲ್ಲ ಹರಡಿತು. ಅಪ್ಪ ಕುಯ್ದು ಕೊಟ್ಟ ಮೊದಲ ತುಂಡನ್ನು ಅವಳು ಅಂಗೈ ಚಾಚಿ ತೆಗೆದುಕೊಂಡಳು. ತಿಂದಳು. ಇನ್ನೊಂದು ಕೊಡು ಎಂದಳು. ಅಪ್ಪ ಹೊಗೆ ಕಣ್ಣಿಗೆ ಹೋಯಿತೆಂದು ಮುಖ ತಿರುಗಿಸಿದ.

ಮುಂದಿನ ಬೇಸಿಗೆಗೆ ಅಜ್ಜಿ ಇರಲಿಲ್ಲ. ಅಲ್ಲಿಯವರೆಗೂ ಪ್ರತಿ ಭಾನುವಾರ ಆ ಕೆಂಪು ಪಾತ್ರೆಯಲ್ಲಿ ಅವಳಿಗೆಂದು ಏನಾದರೊಂದು ಬೇಯುತ್ತಿತ್ತು, ಅಪ್ಪನ ಕೈಯಿಂದಲೇ. ಆಮೇಲೂ ಅಪ್ಪ ಭಾನುವಾರ ಅದಕ್ಕೆ ಎಣ್ಣೆ ಸವರಿ, ಒರೆಸಿ, ಸುಡುವುದನ್ನು ಬಿಡಲಿಲ್ಲ. ಎಣ್ಣೆ ಹಪ್ಪಳದಂತೆ ಎದ್ದು ಬರುತ್ತಿತ್ತು, ಮಳೆಗಾಲದಲ್ಲಿ ಮತ್ತೆ ತುಕ್ಕು. ನಾನು ಹೈಸ್ಕೂಲಿಗೆ ಹೋದೆ, ಕಾಲೇಜಿಗೆ ಹೋದೆ, ಬಂದಾಗಲೆಲ್ಲ ಅಪ್ಪ ಅದನ್ನೇ ಒರೆಸುತ್ತಿರುತ್ತಿದ್ದ. ಇಷ್ಟು ಓದಿದವನು ಆಗದ ಕೆಲಸಕ್ಕೆ ಯಾಕೆ ಹೆಣಗುತ್ತಾನೆ ಎಂದು ನನಗೆ ಸಿಟ್ಟೇ ಬರುತ್ತಿತ್ತು.

ಹೋದ ವರ್ಷ ಅಪ್ಪನೂ ಹೋದ. ಮನೆ ಮಾರುವ ಮುಂಚೆ ಪಾತ್ರೆ ಸಂಗ್ರಹಿಸುವ ಒಬ್ಬರು ಬಂದು ಗರಾಜು ಖಾಲಿ ಮಾಡಿಕೊಂಡು ಹೋದರು. ಕೆಂಪು ಪಾತ್ರೆಯನ್ನು ಮಾತ್ರ ಬೋರಲು ಮಾಡಿ, ಗೀರು ನೋಡಿ, ಅಯ್ಯೋ ಎಂಬಂಥ ಮುಖ ಮಾಡಿ ನೆಲಕ್ಕಿಟ್ಟರು. ಬೆಂಕಿಗೆ ಬಿದ್ದದ್ದು, ಇದನ್ನು ಯಾರೂ ಮುಟ್ಟುವುದಿಲ್ಲವಂತೆ. ಅವರು ಹೋದ ಮೇಲೆ ಖಾಲಿ ಗರಾಜಿನಲ್ಲಿ ನಿಂತು ನಾನು, ಅಜ್ಜಿಯ ಮಡಿಯಿಂದ ಅಪ್ಪನ ಜೀವದಂಥ ಪಾತ್ರೆ ಹಾಳಾಯಿತು, ಪಾಪ ಅಪ್ಪ ಇನ್ನೊಂದು ಗಳಿಗೆ ಮೊದಲೇ ಬಂದಿದ್ದರೆ ಉಳಿಯುತ್ತಿತ್ತು ಎಂದೆ. ಅಮ್ಮ ಮೂಲೆ ಗುಡಿಸುತ್ತಿದ್ದಳು. ಪೊರಕೆ ನಿಲ್ಲಿಸಿ ನನ್ನನ್ನು ನೋಡಿದಳು.

“ಬಂದಿದ್ದೇನು, ನಿಮ್ಮಪ್ಪ ಅಲ್ಲೇ ಇದ್ರು ಕಣೆ. ಅತ್ತೆ ಇದ್ದಿಲು ಸುರಿದಾಗಿಂದ ಗಾಜಿನ ಹಿಂದೆ ನಿಂತಿದ್ರು. ನಾನೇ ಹೇಳ್ದೆ, ಹೋಗಿ ತಡೀರೀ, ಹಾಳಾಗತ್ತೆ ಅಂತ. ‘ಗೊತ್ತು, ಸುಮ್ನಿರು, ಅಮ್ಮ ಉಣ್ಣಲಿ’ ಅಂದ್ರು.”

ಅಮ್ಮ ಮತ್ತೆ ಗುಡಿಸತೊಡಗಿದಳು. ಹೊರಗೆ ಅದೇ ಗಾಳಿ ಬೀಸುತ್ತಿತ್ತು, ಬೆಂಕಿಗುಂಡಿಯಿದ್ದ ಜಾಗದಲ್ಲಿ ಹುಲ್ಲು ಬೆಳೆದಿತ್ತು. ನಾನು ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತು ಬಹಳ ಹೊತ್ತು ಅತ್ತೆ.

ಈಗ ಅಮ್ಮ ನನ್ನೊಡನೆ ಇದ್ದಾಳೆ, ಅಲಾರಂ ಕೂಗಿದಾಗಲೆಲ್ಲ ಬಾಲ್ಕನಿಯ ಬಾಗಿಲು ತೆರೆಯುವವಳು ಅವಳೇ, ಬೈಯುವುದಿಲ್ಲ. ಆ ಪಾತ್ರೆ ಎಣ್ಣೆ ಹಿಡಿಯುವುದಿಲ್ಲವೆಂದು ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಅದನ್ನು ಸರಿಮಾಡಲು ಹೆಣಗುತ್ತಿರಲಿಲ್ಲ. ತನ್ನ ತಾಯಿ ಉಂಡ ಪಾತ್ರೆಯನ್ನು ಒರೆಸಿಡುತ್ತಿದ್ದ, ಅಷ್ಟೆ. ಭಾನುವಾರಗಳಂದು ನಾನೂ ಒರೆಸಿಡುತ್ತೇನೆ.